ಹಲ್ಲುಪುಡಿಯ ಗಾನರಾಣಿ

ಹಲ್ಲುಪುಡಿ ಮಾರುವ ಕಂಪನಿಗೆ ಹಾಡುವವರು ಯಾಕೆ ಬೇಕು ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ತಿಳಿವಳಿಕೆ ಇಲ್ಲದವಳು ಅನ್ನುತ್ತಿದ್ದರು. ಸುಹಾಸಿನಿ ಹಲ್ಲುಪುಡಿಯ ವ್ಯಾನು ಮೈಕು ಕಟ್ಟಿಕೊಂಡು ನಮ್ಮೂರು ಕೋಟಕ್ಕೆ ಬಂತು. ಶಾಲೆಯ ಮೈದಾನದಲ್ಲಿ ಗಾನರಾಣಿಯನ್ನು ಆರಿಸುತ್ತೇವೆ, ಮತ ಹಾಕುವವರು ಪುಡಿಯ ಖಾಲಿ ಡಬ್ಬಿ ತರಬೇಕು ಎಂದು ಸಾರಿತು. ನಮ್ಮೂರಿನವರು ಹಲ್ಲುಜ್ಜುವುದು ಮಾವಿನೆಲೆಯಲ್ಲಿ. ಆದರೂ ಡಬ್ಬಿಗಳು ಖಾಲಿಯಾದವು. ಆ ವಾರ ಎಲ್ಲರ ಮನೆಯ ದೀಪ, ಚೆಂಬುಗಳು ಫಳಫಳ ಹೊಳೆದವು.

ಡಬ್ಬಿ ರಾಶಿ ಬಿದ್ದದ್ದು ನನ್ನ ಮಗಳು ಸುಗುಣಳ ಹೆಸರಿಗೆ. ನಾಟಿ ಗದ್ದೆಯಲ್ಲಿ ಹಾಡು ಹೇಳಿಕೊಡುವವಳು ಅವಳೇ. ಒಂದು ಸಾಲು ಹೇಳಿ ಬಾಯಿ ಮುಚ್ಚಬೇಕು. ಉಳಿದ ಹೆಂಗಸರು ‘ಹೋ ಹೋಯ್’ ಎಂದು ಅದನ್ನು ಎತ್ತಿಕೊಳ್ಳಬೇಕು. ಅವರದು ಮುಗಿದ ಮೇಲೆ ಮುಂದಿನ ಸಾಲು. ಮೈದಾನದಲ್ಲೂ ಅವಳು ಸಾಲು ಬಿಟ್ಟಳು, ನೆರೆದ ಹೆಂಗಸರೆಲ್ಲ ಎತ್ತಿಕೊಂಡರು. ಗದ್ದೆಯಲ್ಲಿ ಇಷ್ಟು ವರ್ಷ ಯಾರಿಗೂ ಕಾಣದಿದ್ದ ಪ್ರತಿಭೆ ಮ್ಯಾನೇಜರರಿಗೆ ಆ ಕ್ಷಣದಲ್ಲೇ ಕಂಡಿತು.

ಸುಗುಣ ಎಂಬ ಹೆಸರು ಸಾಲದೆಂದು ಅವಳನ್ನು ‘ಕುಮಾರಿ ಸುಹಾಸಿನಿ’ ಮಾಡಿದರು. ಹಲ್ಲು ಕಾಣುವಂತೆ ಫೋಟೋ ತೆಗೆದು ಡಬ್ಬಿಯ ಮೇಲೆ ಅಂಟಿಸಿದರು. ಕುಂದಾಪುರದಲ್ಲಿ ದೊಡ್ಡ ಸಭೆಯಂತೆ. ಮಗಳಿಗೆ ಊಟ ಸೇರಲಿಲ್ಲ.

“ಅಮ್ಮಾ, ಕುಂದಾಪ್ರದಗೆ ಎಲ್ರೂ ನನ್ ಹಾಡ್ ಕೇಂತ್ರ್ ಅಲ್ದಾ?”

“ಕೇಂತ್ರ್ ಮಗಾ. ಈಗ ಗಂಜಿ ಉಣ್ಣ್,” ಎಂದೆ.

ಸಭೆಯ ದಿನ ಮ್ಯಾನೇಜರರು ವೇದಿಕೆಯ ಹಿಂದೆ ನಮ್ಮನ್ನು ಕರೆದು ಬಹಳ ಮೃದುವಾಗಿ ಹೇಳಿದರು: “ನೋಡೀಮ್ಮಾ, ಇವಳ ದನಿ ಸ್ವಲ್ಪ ಗದ್ದೆಯ ದನಿ. ಅದಕ್ಕೇ ಇದೇ ಹಾಡನ್ನು ಮದ್ರಾಸಿನಲ್ಲಿ ಒಬ್ಬರಿಂದ ಹಾಡಿಸಿ ತಂದಿದ್ದೇವೆ. ಗ್ರಾಮಫೋನು ಹಾಡುತ್ತದೆ. ಇವಳು ನಗುತ್ತಾ ತುಟಿ ಆಡಿಸಿದರೆ ಸಾಕು.”

ನಾಟಿಯ ಹಾಡಿಗೆ ಗದ್ದೆಯ ದನಿ ಇರಬಾರದೆಂದು ನನಗೆ ಅಂದೇ ಗೊತ್ತಾದದ್ದು.

ಸುಗುಣ ನನ್ನ ಸೆರಗು ಹಿಡಿದಳು. “ನಾ ಹಾಡೂದ್ ಬ್ಯಾಡಂಬ್ರಲೆ ಅಮ್ಮಾ.”

“ಮನಿಗ್ ಹೋಪನಾ?”

ಅವಳು ಹೊರಗೆ ಇಣುಕಿದಳು. ಊರಿಗೆ ಊರೇ ಬಸ್ಸು ಹತ್ತಿ ಬಂದು ಕೂತಿತ್ತು. “ಬ್ಯಾಡ. ಎಲ್ರೂ ಬಂದಿರ್,” ಎಂದು ಕಣ್ಣೊರೆಸಿಕೊಂಡು ವೇದಿಕೆ ಹತ್ತಿದಳು.

ನಾನು ಪಕ್ಕದ ಮನೆಯ ಅಪ್ಪಿಯ ಬಳಿ ಹೋಗಿ ಕೂತು ವಿಷಯ ಹೇಳಿದೆ. ಅಪ್ಪಿ ಎಲೆಯಡಿಕೆ ಉಗಿದು, “ಹ್ವಾಯ್ ಗಿರಿಜಕ್ಕ, ಬರೀ ಬಾಯಿ ಆಡ್ಸೂಕೆ ನಿಮ್ ಹೆಣ್ಣೇ ಬೇಕಾ? ನಮ್ಮನಿ ಎಮ್ಮಿ ದಿನಾ ಆಡ್ಸತ್ತ್!” ಎಂದಳು.

ಹಾಡು ಶುರುವಾಯಿತು. ಪಿಟೀಲು, ಕೊಳಲು, ಜೇನಿನಂಥ ದನಿ. ಮಗಳ ತುಟಿ ಚೆನ್ನಾಗಿಯೇ ಆಡಿತು. ಮೊದಲ ಸಾಲು ಮುಗಿಯಿತು. ಸುಗುಣ ಬಾಯಿ ಮುಚ್ಚಿ, ನಮ್ಮ ಕಡೆ ನೋಡಿ ಕಾದಳು. ಆ ಹಾಡನ್ನು ಬೇರೆ ರೀತಿ ಹಾಡಲು ಅವಳು ಕಲಿತಿರಲಿಲ್ಲ. ನಾವೂ ಕಲಿತಿರಲಿಲ್ಲ, ಕೋಟದ ಹೆಂಗಸರೆಲ್ಲ ಒಟ್ಟಿಗೆ ‘ಹೋ ಹೋಯ್’ ಎಂದು ಸಾಲು ಎತ್ತಿಕೊಂಡೆವು. ಮದ್ರಾಸಿನಾಕೆಗೆ ಮಾತ್ರ ಯಾರ ಉತ್ತರವೂ ಬೇಕಿರಲಿಲ್ಲ. ಗಾನರಾಣಿ ಬಾಯಿ ಮುಚ್ಚಿ ನಿಂತಿರುವಾಗಲೇ ಎರಡನೆಯ ಸಾಲನ್ನೂ ಮೂರನೆಯದನ್ನೂ ಇಂಪಾಗಿ ಹಾಡಿಬಿಟ್ಟಳು.

ಮುಂದೆ ಕೂತಿದ್ದವರು ನಗಲು ಶುರು ಮಾಡಿದರು. ಮ್ಯಾನೇಜರರು ಪರದೆ ಎಳೆಸಿದರು. ಬೈಂದೂರಿನ ಸಭೆಯ ಹೊತ್ತಿಗೆ ಕುಮಾರಿ ಸುಹಾಸಿನಿ ಬೇರೆ ಹುಡುಗಿಯಾಗಿದ್ದಳು. ಆಕೆ ಎಲ್ಲಿಯೂ ನಿಲ್ಲಿಸದೆ ತುಟಿ ಆಡಿಸುತ್ತಾಳಂತೆ. ದೇವರು ಆಕೆಗೆ ಒಳ್ಳೆಯದು ಮಾಡಲಿ.

ಮನೆಗೆ ಬಂದ ಸುಗುಣ ಹಾಡಲಿಲ್ಲ. ನಾನೂ ಹಾಡೆನ್ನಲಿಲ್ಲ. ಗಾಯಕ್ಕೆ ಹಕ್ಕಳೆ ಕಟ್ಟುವಾಗ ಕೈ ಹಾಕಬಾರದು. ಒಂದು ಬೆಳಿಗ್ಗೆ ಅರೆಯುವ ಕಲ್ಲಿನ ಮುಂದೆ ಕೂತವಳು, ಕಲ್ಲು ತಿರುಗಿಸುತ್ತಾ ಒಂದು ಸಾಲು ಬಿಟ್ಟಳು. ಬಹಳ ಸಣ್ಣ ದನಿಯಲ್ಲಿ. ಆಮೇಲೆ ಬಾಯಿ ಮುಚ್ಚಿ ಕಾದಳು.

ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು. ಉಕ್ಕಲಿ ಎಂದು ಬಿಟ್ಟು, ನಾನು ‘ಹೋ ಹೋಯ್’ ಎಂದೆ. ಬೇಲಿಯಾಚೆ ಹಾಲು ಕರೆಯುತ್ತಿದ್ದ ಅಪ್ಪಿಯೂ ಎಂದಳು.