ಅಗಿದು ತಿಂದ ಮುದ್ದೆ

ನಂಗಲಿಯ ಹೆದ್ದಾರಿ ಪಕ್ಕದ ವೇಬ್ರಿಡ್ಜಿನಲ್ಲಿ ಲಾರಿಗಳ ತೂಕ ನೋಡುವ ಕದಿರೇಶ, ಎರಡು ವರ್ಷದ ಹಿಂದೆ ತಾನೇ ಒಂದು ಸಣ್ಣ ಲಾರಿಯ ಹಾಗಿದ್ದ. ಡ್ರೈವರುಗಳು ಒಂದು ದಿನ ತಮಾಷೆಗೆಂದು ಅವನನ್ನೇ ಖಾಲಿ ವೇಬ್ರಿಡ್ಜಿನ ನಡುವೆ ನಿಲ್ಲಿಸಿ ಚೀಟಿ ತೆಗೆಸಿದ್ದರು. ನೂರ ಮೂವತ್ತು ಕೆಜಿ. ಆ ಚೀಟಿ ಈಗಲೂ ಅವನ ಕೊಠಡಿಯ ಗೋಡೆಯ ಮೇಲಿದೆ.

ಚಪ್ಪಲಿಯ ಪಟ್ಟಿ ಹಾಕಿಕೊಳ್ಳಲು ಹೆಂಡತಿ ಆಶಾರಾಣಿಯನ್ನು ಕರೆಯಬೇಕಾಗಿ ಬಂದ ದಿನ ಅವನಿಗೆ ನಿಜಕ್ಕೂ ಅಳು ಬಂದಿತ್ತು. ಅವತ್ತೇ ಬಾಡು, ಮೊಟ್ಟೆ, ಹಾಲು, ತುಪ್ಪ ಎಲ್ಲಕ್ಕೂ ದೊಡ್ಡ ನಮಸ್ಕಾರ ಹಾಕಿದ. ಉಳಿದದ್ದು ಸೊಪ್ಪು, ಕಾಳು, ತರಕಾರಿ, ಮುದ್ದೆ. ಬೆಳಗಾದರೆ ಕೆರೆ ಏರಿಯ ಮೇಲೆ ಬಿರುಸು ನಡಿಗೆ. ಎಪ್ಪತ್ತೆಂಟಕ್ಕೆ ಇಳಿದ ಮೇಲೆ ಮುಳಬಾಗಿಲಿನ ಡಾಕ್ಟರು ಬಿಪಿ ಮಾತ್ರೆ ನಿಲ್ಲಿಸಿದರು. "ಎಂಬತ್ತು ದಾಟಿದ್ರೆ ಮತ್ತೆ ಮಾತ್ರೆ ಶುರು. ಇಳಿಸಿದ್ದು ದೊಡ್ಡದಲ್ಲಪ್ಪ, ಉಳಿಸ್ಕೊಳ್ಳೋದು ನೋಡು. ಏನೇ ತಿಂದ್ರೂ ನಿಧಾನಕ್ಕೆ ಅಗಿದು ತಿನ್ನು," ಎಂದು ಹೇಳಿ ಕಳಿಸಿದರು.

ತೂಕ ಇಳಿಸಿದವನಿಗೆ ಬಾಯಿ ಸುಮ್ಮನಿರುತ್ತದೆಯೇ? ಕದಿರೇಶ ಉಪನ್ಯಾಸ ಶುರುವಿಟ್ಟುಕೊಂಡ. ಟೊಮೆಟೊ ಹೊತ್ತು ಬಂದ ಲಾರಿ ತೂಕಕ್ಕೆ ನಿಂತರೆ ಸಾಕು, ಡ್ರೈವರಿಗೆ ಚೀಟಿಯ ಜೊತೆ ಹಿತವಚನವೂ ಸಿಗುತ್ತಿತ್ತು.

"ನಾಲಿಗೆ ಶುದ್ಧ ಆಗ್ತದೆ ಮುನಿಶಾಮಿ," ಎಂದ ಒಂದು ದಿನ. "ಈಗ ಮೂರು ವಾರದಿಂದ ನಂಗೆ ಬರೀ ಮುದ್ದೇಲೇ ಬಾಡಿನ ರುಚಿ ಬರ್ತಾ ಐತೆ, ಗೊತ್ತಾ?"

"ಅಬ್ಬಬ್ಬಾ! ನೀನು ಸ್ವಾಮಿ ಆಗೋದೊಂದು ಬಾಕಿ," ಎಂದು ಮುನಿಶಾಮಿ ಕೈ ಮುಗಿದ.

ಸ್ವಾಮಿಗೆ ಒಳಗೊಳಗೇ ದಿಗಿಲು. ಮೆಡಿಕಲ್ ಸ್ಟೋರಿನ ತೂಕದ ಯಂತ್ರ ಮೊದಲ ವಾರ ಎಪ್ಪತ್ತೊಂಬತ್ತು ತೋರಿಸಿತು, ಆಮೇಲೆ ಎಂಬತ್ತು, ಮೊನ್ನೆ ಎಂಬತ್ತೆರಡು. ಯಂತ್ರ ಕೆಟ್ಟಿದೆ ಎಂದು ಅಂಗಡಿಯವನ ಜೊತೆ ಜಗಳವಾಡಿದ್ದೂ ಆಯಿತು. ಸಂಜೆಯ ಊಟ ಬಿಟ್ಟ, ಏರಿಯ ಮೇಲೆ ಇನ್ನೊಂದು ಸುತ್ತು ಹಾಕಿದ. ಆದರೂ ಮುಳ್ಳು ಕೆಳಗಿಳಿಯಲಿಲ್ಲ. ಮತ್ತೆ ಆ ಹಳೆಯ ಮೈಯೊಳಗೆ ಹೋಗಿ ಸೇರಬೇಕಾಗುತ್ತದೆಯೋ ಏನೋ ಎಂದು ಅವನಿಗೆ ಭಯವಾಯಿತು.

ಕೊನೆಗೆ ಡಾಕ್ಟರ ಮಾತು ನೆನಪಾಯಿತು. ಅವನು ಎಲ್ಲವನ್ನೂ ಅಗಿಯುತ್ತಿದ್ದ, ಮುದ್ದೆಯೊಂದನ್ನು ಬಿಟ್ಟು. ಈ ಸೀಮೆಯಲ್ಲಿ ಹುಟ್ಟಿದವನು ಮುದ್ದೆಯನ್ನು ಅಗಿಯುವುದುಂಟೇ? ಮುರಿಯಬೇಕು, ಉರುಟು ಮಾಡಬೇಕು, ಸಾರಿನಲ್ಲಿ ಅದ್ದಬೇಕು, ಗುಳುಂ ಅನ್ನಿಸಬೇಕು. ಅಗಿದರೆ ಅವನು ಹೊರಗಿನವನು ಎಂದು ಅಕ್ಕಪಕ್ಕದವರು ನಗುತ್ತಾರೆ.

ಆಶಾರಾಣಿ ಬೆಳಿಗ್ಗೆಯೇ ಕೆಲಸಕ್ಕೆ ಹೋಗುವುದರಿಂದ ಮಧ್ಯಾಹ್ನದ ಬುತ್ತಿ ತರುವವಳು ಕದಿರೇಶನ ತಾಯಿ ಶಾಮಲಮ್ಮ. ಅವತ್ತೂ ವೇಬ್ರಿಡ್ಜಿನ ಕೊಠಡಿಯಲ್ಲಿ ಬುತ್ತಿ ಬಿಚ್ಚಿದಳು. ಎರಡು ಮುದ್ದೆ, ಬೆಳ್ಳುಳ್ಳಿ ಘಮ್ಮೆನ್ನುವ ಉಪ್ಸಾರು. ಕದಿರೇಶ ಒಂದು ತುತ್ತು ಬಾಯಿಗಿಟ್ಟು ಮನಸ್ಸು ಗಟ್ಟಿಮಾಡಿ ಅಗಿಯತೊಡಗಿದ.

ಶಾಮಲಮ್ಮನ ಮುಖದ ಬಣ್ಣ ಹೋಯಿತು. "ಲೇ ಲೇ, ಏನೋ ಅದು ಅಸಹ್ಯ? ನುಂಗೋ!"

ಅವನು ಅಗಿದ. ಹಲ್ಲಿಗೆ ಮೆತ್ತಗೆ ಪುಡಿಪುಡಿಯಾಗಿ ಏನೋ ಸಿಕ್ಕಿತು. ಇನ್ನೊಮ್ಮೆ ಅಗಿದ. ಎರಡು ವರ್ಷದ ಹಿಂದೆ ಅವನಿಗೆ ಅಚ್ಚುಮೆಚ್ಚಾಗಿದ್ದ ರುಚಿ. ಕುರಿಯ ಈಲಿ, ಲಿವರು! ರಕ್ತ ಊರಲಿ ಎಂದು ಬಾಣಂತಿಯರಿಗೂ ಕಾಯಿಲೆ ಬಿದ್ದವರಿಗೂ ಹುರಿದುಕೊಡುವ ಅದೇ ಈಲಿಯನ್ನು ತುಪ್ಪದಲ್ಲಿ ಬಾಡಿಸಿ, ನುಣ್ಣಗೆ ಅರೆದು, ರಾಗಿ ಹಿಟ್ಟಿನ ಜೊತೆ ಸೇರಿಸಿ ಅಮ್ಮ ತಿರುವಿದ್ದಳು. ರಾಗಿಯ ಬಣ್ಣಕ್ಕೆ ಈಲಿಯ ಬಣ್ಣ ಸರಿಯಾಗಿ ಹೊಂದಿಕೊಂಡಿತ್ತು.

"ಅಮ್ಮಾ, ಇದೇನಿದು?"

"ಹೊಸ ರಾಗಿ ಕಣೋ."

"ಹೊಸ ರಾಗಿ ಬ್ಯಾ ಬ್ಯಾ ಅಂತದೇನಮ್ಮಾ?"

"ಮುದ್ದೆ ಅಗಿಯೋ ಮಗನ್ನ ನಾನೆಲ್ಲಿ ಹೆತ್ತೆ! ನುಂಗಿದ್ರೆ ಯಾರಿಗೇನಾಗ್ತಿತ್ತು?"

ಕದಿರೇಶನಿಗೆ ಮೈ ಉರಿದುಹೋಯಿತು. ತಟ್ಟೆ ದೂಡಿ ಎದ್ದ. "ಎರಡು ವರ್ಷ ನಾನು ಪಟ್ಟ ಪಾಡಿಗೆ ಮಣ್ಣು ಹಾಕ್ದೆಯಲ್ಲಮ್ಮಾ!" ಎಂದು ಕೂಗಿದ. ಆದರೆ ಶಾಮಲಮ್ಮ ತಿರುಗಿ ಕೂಗಲಿಲ್ಲ. ಸೆರಗು ಬಾಯಿಗಿಟ್ಟುಕೊಂಡಳು.

"ಬಸ್ ಸ್ಟಾಪಲ್ಲಿ ದಿನಾ ಆ ಕದಿರಮ್ಮ ಕೇಳ್ತಾಳೆ, ನಿನ್ನ ಮಗನಿಗೆ ಏನು ಕಾಯಿಲೆ ಅಂತ. ನಿಮ್ಮಪ್ಪನೂ ಹಿಂಗೇ ಕಣೋ ಇಳಿದಿದ್ದು. ಅಂಗಿ ಸಡಿಲ ಆಯ್ತು, ಕೆನ್ನೆ ಒಳಕ್ಕೋಯ್ತು, ಮೂರು ತಿಂಗಳಲ್ಲಿ ಮನುಷ್ಯನೇ ಇಲ್ಲ. ನೀನು ಬಟ್ಟೆ ಬಿಗಿ ಮಾಡಿಸ್ಕೊಂಡು ಬಂದಾಗೆಲ್ಲ ನನ್ನೆದೆ ಒಡೀತದೆ ನಾಯ್ನಾ."

ಕದಿರೇಶನ ಸಿಟ್ಟು ಇದ್ದಲ್ಲೇ ಇಳಿಯಿತು. ಅಪ್ಪನ ಕೊನೆಯ ದಿನಗಳು ಅವನಿಗೂ ನೆನಪಿದ್ದವು. ಆದರೆ ತನ್ನ ಸಡಿಲವಾದ ಅಂಗಿಯಲ್ಲಿ ಅಮ್ಮ ಅಪ್ಪನನ್ನು ಕಾಣುತ್ತಿದ್ದಾಳೆಂಬುದು ಅವನಿಗೆ ಒಮ್ಮೆಯೂ ಹೊಳೆದಿರಲಿಲ್ಲ. ಊರಿಗೆಲ್ಲ ಉಪನ್ಯಾಸ ಮಾಡಿದವನು ಮನೆಯಲ್ಲಿ ಒಂದು ಮಾತು ಬಿಡಿಸಿ ಹೇಳಿರಲಿಲ್ಲ.

ಬಗ್ಗಿ, ಅಮ್ಮನನ್ನು ಎರಡೂ ಕೈಯಲ್ಲಿ ಎತ್ತಿಕೊಂಡ.

"ಅಯ್ಯಯ್ಯೋ, ಬಿಡೋ! ಬಿದ್ದೋಗ್ತೀಯ! ಜನ ನೋಡ್ತಾರೆ!"

ನೋಡುವವರು ಮುನಿಶಾಮಿಯೂ ಸೇರಿ ಮೂರು ಲಾರಿಯವರು ಇದ್ದೇ ಇದ್ದರು. ಕದಿರೇಶ ಮೂರು ಮೆಟ್ಟಿಲು ಇಳಿದು, ಅಂಗಳ ದಾಟಿ, ಖಾಲಿ ವೇಬ್ರಿಡ್ಜಿನ ನಡುವೆ ಹೋಗಿ ನಿಂತ. ಉಸಿರು ಕೊಂಚವೂ ಏರಿರಲಿಲ್ಲ. "ಮುನಿಶಾಮಿ, ಒಳಗೆ ಎಷ್ಟು ತೋರಿಸ್ತಾ ಐತೆ ನೋಡಿ ಹೇಳು!"

"ನೂರ ಮೂವತ್ತು!"

ಗೋಡೆಯ ಮೇಲಿನ ಚೀಟಿಯಲ್ಲಿದ್ದದ್ದೂ ಅಷ್ಟೇ.

"ಕೇಳಿಸ್ತಾ ಅಮ್ಮಾ? ಆಗ ನಾನೊಬ್ನೇ ಇಷ್ಟಿದ್ದೆ. ನಿನ್ನಂಥೋಳನ್ನ ಒಬ್ಬಳನ್ನ ಹಗಲೂ ರಾತ್ರಿ ಹೊತ್ಕೊಂಡು ಓಡಾಡ್ತಿದ್ದೆ. ಅಪ್ಪನ ಮಾಂಸ ತಿಂದಿದ್ದು ಕಾಯಿಲೆ. ನಂದನ್ನ ನಾನೇ ಇಳಿಸಿದ್ದು."

ಶಾಮಲಮ್ಮ ಮಗನ ಕುತ್ತಿಗೆ ಹಿಡಿದುಕೊಂಡೇ ಅವನ ಮುಖ ನೋಡಿದಳು. ಕೆನ್ನೆ ಒಳಗೆ ಹೋಗಿತ್ತು, ನಿಜ. ಆದರೆ ತೋಳು ನಡುಗುತ್ತಿರಲಿಲ್ಲ.

"ಅಷ್ಟೊಂದು ಭಾರನೇನೋ ನಾನು?" ಎಂದಳು ಮೆಲ್ಲಗೆ.

ಮರುದಿನದ ಮುದ್ದೆಯಲ್ಲಿ ಬರೀ ರಾಗಿ ಇತ್ತು. ಆದರೂ ಕದಿರೇಶ ಅವಳನ್ನೇ ನೋಡುತ್ತಾ ಒಂದೊಂದು ತುತ್ತನ್ನೂ ಬೇಕೆಂದೇ ಸದ್ದು ಮಾಡಿ ಅಗಿದ. ಶಾಮಲಮ್ಮ ಮುಖ ಸಿಂಡರಿಸಿದಳು, ಬೈಯಲಿಲ್ಲ. ಬುತ್ತಿ ಕಟ್ಟಿಕೊಂಡು ವಾಪಸು ಹೋಗುವಾಗ ಬಸ್ ಸ್ಟಾಪಿನಲ್ಲಿ ಕದಿರಮ್ಮ ಎಂದಿನಂತೆ ಶುರುಮಾಡಿದಳು. "ಏನಕ್ಕಾ, ಮಗ ಇನ್ನೂ ಸಣ್ಣಗೇ ಅವ್ನಲ್ಲಾ?"

"ಸಣ್ಣ ಗಿಣ್ಣ ಏನೂ ಆಗಿಲ್ಲ ಕಣೇ," ಎಂದಳು ಶಾಮಲಮ್ಮ. "ಇಷ್ಟು ವರ್ಷ ನನ್ನನ್ನ ಹೊತ್ಕೊಂಡಿದ್ದ, ಈಗ ಕೆಳಗಿಳಿಸವ್ನೆ."