ರೇಣಮ್ಮನ ವೀಕ್ನೆಸ್

ಗೋಗಿಯ ರೇಣಮ್ಮ ಬ್ಯಾಂಕಿನ ಲಿಖಿತ ಪರೀಕ್ಷೆಯಲ್ಲಿ ಎಂದೂ ಫೇಲಾದವಳಲ್ಲ. ಅವಳು ಮುಗ್ಗರಿಸುತ್ತಿದ್ದದ್ದು ಇಂಟರ್‌ವ್ಯೂದಲ್ಲಿ. ಎರಡು ಸಲ ಕರೆ ಬಂದು, ಎರಡು ಸಲವೂ ಬರಿಗೈಲಿ ಮನೆಗೆ ವಾಪಸಾಗಿದ್ದಳು. ಈಗ ಗ್ರಾಮೀಣ ಬ್ಯಾಂಕಿನಿಂದ ಮೂರನೆಯ ಕರೆ ಬಂದಿತ್ತು. ಬರುವ ವರ್ಷಕ್ಕೆ ಅವಳ ವಯಸ್ಸು ಮೀರುತ್ತದೆ, ಮತ್ತೆ ಅರ್ಜಿ ಹಾಕುವ ಹಾಗಿಲ್ಲ. ಇದು ತಪ್ಪಿದರೆ ಊರ ಖಾಸಗಿ ಶಾಲೆಯಲ್ಲಿ ಪರರ ಮಕ್ಕಳ ಮೂಗು ಒರೆಸುತ್ತ, ಸಂಬಳ ಯಾವಾಗ ಬಂದೀತೆಂದು ದಾರಿ ಕಾಯುತ್ತ ಕೂರುವುದೇ ಗತಿ. ಅದು ಅವಳಿಗೂ ಗೊತ್ತಿತ್ತು, ಊರಿಗೂ ಗೊತ್ತಿತ್ತು.

ಆಪ್ಟಿಟ್ಯೂಡ್ ಲೆಕ್ಕಗಳೆಂದರೆ ಅವಳಿಗೆ ಶೇಂಗಾ ಸುಲಿದಷ್ಟು ಸಲೀಸು. ಕಷ್ಟವಿದ್ದದ್ದು ಮನೆಯವರಿಗೆ. ಅವಳು ಗಟ್ಟಿಯಾಗಿ ಓದುವ ಸ್ವಭಾವದವಳು. “ಒಂದು ನಳ ತೊಟ್ಟಿಯನ್ನು ಆರು ತಾಸಿನಲ್ಲಿ ತುಂಬುತ್ತದೆ, ಇನ್ನೊಂದು ನಳ ಎಂಟು ತಾಸಿನಲ್ಲಿ ಖಾಲಿ ಮಾಡುತ್ತದೆ, ಎರಡನ್ನೂ ಒಟ್ಟಿಗೆ ತೆರೆದರೆ...” ಎಂದು ಅವಳು ಓದಿದ್ದೇ ತಡ, ಕಟ್ಟೆಯ ಮೇಲೆ ಅಡ್ಡಾಗಿದ್ದ ಅಪ್ಪ ಅಂಬ್ರಪ್ಪ ಎದ್ದು ಕುಳಿತ. ಅವನ ಹೊಲ ಕಾಲುವೆಯ ಕಟ್ಟಕಡೆಗಿತ್ತು. ನೀರು ಅಲ್ಲಿಗೆ ಮುಟ್ಟುವಷ್ಟರಲ್ಲಿ ಮೇಲಿನವರ ಭತ್ತದಲ್ಲಿ ಅರ್ಧ ಇಂಗಿರುತ್ತಿತ್ತು.

“ಆ ಎರಡನೇ ನಳ ತೆರದಾವ ಯಾರು?”

“ಯಾರೂ ಅಲ್ಲಪ್ಪ. ಲೆಕ್ಕ ಅದು.”

“ಯಾರೂ ತೆರೀದ ನೀರು ಹ್ಯಾಂಗ ಹೋಗ್ತದ? ಮ್ಯಾಲಿನ ಹೊಲದಾವನೇ ಇರ್ಬೇಕು. ಬ್ಯಾಂಕಿನವ್ರಿಗೂ ಗೊತ್ತಾಗೇದ ನೋಡು!”

ಅಂದಿನಿಂದ ಅಂಬ್ರಪ್ಪನಿಗೆ ಬ್ಯಾಂಕಿನ ಮೇಲೆ ಗೌರವ ಹೆಚ್ಚಿತು. ಆದರೆ ಅವನಿಂದ ತೊಂದರೆಯೇನೂ ಇರಲಿಲ್ಲ, ಒಂದಿಷ್ಟು ಬೈದು ಮತ್ತೆ ಅಡ್ಡಾಗುತ್ತಿದ್ದ. ನಿಜವಾದ ಪೇಚು ಶುರುವಾದದ್ದು ಅವ್ವ ದೇವಕಮ್ಮನಿಂದ, ಅದಕ್ಕೆ ಕಾರಣ ಶಹಾಪುರದ ಬಸವಂತರಾಯರು.

ಬಸವಂತರಾಯರದು ಶಹಾಪುರದಲ್ಲಿ ಬ್ಯಾಂಕ್ ಕೋಚಿಂಗ್ ಕ್ಲಾಸು. ಸ್ವತಃ ಅವರು ಯಾವ ಇಂಟರ್‌ವ್ಯೂವನ್ನೂ ದಾಟಿದವರಲ್ಲ. ಆದರೆ ಎಷ್ಟು ಸಲ ಬಿದ್ದಿದ್ದರೆಂದರೆ, ಬೀಳುವ ಜಾಗಗಳೆಲ್ಲ ಅವರಿಗೆ ಬಾಯಿಪಾಠವಾಗಿದ್ದವು. ರೇಣಮ್ಮನ ಎರಡೂ ಸೋಲುಗಳ ಕಥೆ ಕೇಳಿ ಅವರು ತಲೆಯಾಡಿಸಿದರು.

“ನೀ ಬಿದ್ದದ್ದು ವೀಕ್ನೆಸ್ ಪ್ರಶ್ನಿದಾಗ. ನಿಮ್ಮ ವೀಕ್ನೆಸ್ ಏನು ಅಂತ ಕೇಳಿದಾಗ ಏನು ಹೇಳ್ದಿ?”

“ಮೊದಲನೇ ಸಲ, ಏನೂ ಇಲ್ರಿ ಅಂದೆ.”

“ಸೊಕ್ಕು ಅಂತ ತಿಳ್ಕೊಂಡಾರ. ಎರಡನೇ ಸಲ?”

“ಎಲ್ಲಾ ಹೇಳ್ದೆ. ಸಿಟ್ಟು ಜಾಸ್ತಿ, ಮುಂಜಾನಿ ಲಗೂನ ಏಳಂಗಿಲ್ಲ, ಇಂಗ್ಲಿಷ್ ಬರಂಗಿಲ್ಲ, ಹಲ್ಲಿ ಕಂಡ್ರ ಹೆದರ್ತೀನಿ...”

ಬಸವಂತರಾಯರು ಹಣೆ ಹಣೆ ಬಡಿದುಕೊಂಡರು. ಆಮೇಲೆ ಸರಿಯಾದ ಉತ್ತರವನ್ನು ಹೇಳಿಕೊಟ್ಟರು. ‘ಕೆಲಸ ಹಿಡಿದೆನೆಂದರೆ ನನಗೆ ಊಟ ನಿದ್ರೆಗಳ ಪರಿವೆಯೇ ಇರುವುದಿಲ್ಲ, ಅದೇ ನನ್ನ ವೀಕ್ನೆಸ್.’ ಇದು ವೀಕ್ನೆಸ್ಸಿನ ವೇಷ ಹಾಕಿಕೊಂಡ ಹೊಗಳಿಕೆ, ಇದಕ್ಕೆ ಬೀಳದ ಸಾಹೇಬನೇ ಇಲ್ಲ ಎಂದರು. ಬೀಳದ ಸಾಹೇಬರು ಅವರಿಗೇ ಎಷ್ಟೋ ಜನ ಸಿಕ್ಕಿದ್ದರು, ಆ ಮಾತು ಬೇರೆ.

ಮನೆಗೆ ಬಂದ ರೇಣಮ್ಮ ಕೈಕಾಲು ತೊಳೆಯುತ್ತ, “ಅವ್ವ, ಎರಡೂ ಸಲ ನಂದು ವೀಕ್ನೆಸ್‌ನ್ಯಾಗೇ ಹೋಗೇದ ನೋಡು” ಅಂದುಬಿಟ್ಟಳು. ರೊಟ್ಟಿ ಬಡಿಯುತ್ತಿದ್ದ ದೇವಕಮ್ಮನ ಕೈ ನಿಂತಿತು.

ಇಲ್ಲೊಂದು ಮಾತು ಹೇಳಬೇಕು. ಆ ಸೀಮೆಗೆ ಕಾಲುವೆ ಬಂದಾಗ ನೀರೊಂದೇ ಬರಲಿಲ್ಲ. ಭತ್ತ ಬಂತು, ಸೊಳ್ಳೆ ಬಂತು, ಮೋಟರ್ ಸೈಕಲ್ ಬಂತು, ಜೊತೆಗೆ ವೀಕ್ನೆಸ್ಸೂ ಬಂತು. ಕೆಸರಲ್ಲಿ ಬಾಗಿ ನಾಟಿ ಮಾಡುವ ಹೆಂಗಸರಿಗೆ ಸಂಜೆ ಕಣ್ಣು ಕತ್ತಲೆ ಬಂದರೆ ಅದು ವೀಕ್ನೆಸ್, ಅದಕ್ಕೆ ಮದ್ದು ಸಲೈನ್ ಬಾಟಲಿ. ದೇವಕಮ್ಮ ಒಂದು ಸಲ ನಾಟಿಗೆ ಹೋದವಳು ಗದ್ದೆಯಲ್ಲೇ ಕುಸಿದು ಬಿದ್ದಿದ್ದಳು. ಬಾಟಲಿ ಏರಿಸಿದ ಮೇಲೆ ಎದ್ದು ಕುಳಿತು ಎರಡು ರೊಟ್ಟಿ ತಿಂದಿದ್ದಳು. ಅಂಥವಳ ಮುಂದೆ ವೀಕ್ನೆಸ್ಸಿಗೆ ಬೇರೆ ಅರ್ಥವಿದೆಯೆಂದು ಯಾರು ಹೇಳಬೇಕು?

“ಮೈ ನೋಡಿ ನೌಕರಿ ಕೊಡ್ತಾರಂತ ನಂಗೇನು ಗೊತ್ತು!” ಎಂದು ಅವಳು ಅಳುಮುಖ ಮಾಡಿದಳು. “ಎರಡು ಸಲ ಹೊಡದ್ ಹಾಕಿದ್ರೂ ಹೇಳಲಿಲ್ಲಲ್ಲ ನೀ?”

“ಅವ್ವ, ಅದು ಮೈಯಾಗಿನ ವೀಕ್ನೆಸ್ ಅಲ್ಲ. ಸ್ವಭಾವದ್ದು.”

“ನನಗ ಕಲಸ್ಬ್ಯಾಡ. ವೀಕ್ನೆಸ್ ಅಂದ್ರ ಏನಂತ ನಾ ಗದ್ದ್ಯಾಗ ಬಿದ್ದು ಕಲ್ತೀನಿ.”

ಅಷ್ಟಕ್ಕೇ ಮುಗಿಯುತ್ತಿತ್ತೇನೋ. ಆದರೆ ಮರುದಿನ ಬೆಳಗ್ಗೆ ರೇಣಮ್ಮ ಕನ್ನಡಿಯ ಮುಂದೆ ನಿಂತು, “ನನಗೆ ಊಟ ನಿದ್ರೆಗಳ ಪರಿವೆಯೇ ಇರುವುದಿಲ್ಲ, ಅದೇ ನನ್ನ ವೀಕ್ನೆಸ್” ಎಂದು ಗಟ್ಟಿಯಾಗಿ ಅಭ್ಯಾಸ ಮಾಡತೊಡಗಿದಳು. ದೇವಕಮ್ಮ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಳು. ಮಗಳು ತಾನಾಗಿ ಒಪ್ಪಿಕೊಂಡ ಮೇಲೆ ಇನ್ನು ಅನುಮಾನವೆಲ್ಲಿ?

ಅಲ್ಲಿಂದ ಶುರುವಾಯಿತು ಉಪಚಾರ. ಬೆಳಗಾದರೆ ತತ್ತಿ, ಮಧ್ಯಾಹ್ನ ತುಪ್ಪ ಸುರಿದ ಹೋಳಿಗೆ, ಸಂಜೆ ಶೇಂಗಾ ಉಂಡಿ, ಮಲಗುವ ಮುಂಚೆ ಮೇಕೆಕಾಲಿನ ಸಾರು. ರೇಣಮ್ಮ ಬೇಡವೆಂದು ಬಾಯಿ ತೆರೆದರೆ ತೆರೆದ ಬಾಯಿಗೇ ತುತ್ತು ಬೀಳುತ್ತಿತ್ತು. ಇಂಟರ್‌ವ್ಯೂಗೆಂದು ಹೊಸ ಕುಪ್ಪಸ ಹೊಲಿಯುತ್ತಿದ್ದ ಪಕ್ಕದ ಮನೆಯ ಚಮನಬೀ ಎರಡು ಸಲ ಹೊಲಿಗೆ ಬಿಚ್ಚಿ ದೊಡ್ಡದು ಮಾಡಿದಳು. ಮೂರನೆಯ ಸಲ ಟೇಪನ್ನು ಕೊರಳಿಗೆ ಹಾಕಿಕೊಂಡು, “ಏ ದೇವಕ್ಕ, ಹಿಂಗೇ ಉಣಿಸಾಕತ್ರ ನಾ ಕುಪ್ಪಸ ಬಿಟ್ಟು ಪರದಾ ಹೊಲೀಬೇಕಾಗ್ತದ” ಎಂದಳು. ದೇವಕಮ್ಮನಿಗೆ ಅದಕ್ಕಿಂತ ಸಂತೋಷದ ಮಾತು ಬೇರೆ ಇರಲಿಲ್ಲ.

ಇಂಟರ್‌ವ್ಯೂದ ಹಿಂದಿನ ದಿನ ಅವಳು ಮಗಳನ್ನು ಡಾಕ್ಟರ ಹತ್ತಿರ ಎಳೆದೊಯ್ದಳು. ಡಾಕ್ಟರು ನಾಡಿ ನೋಡಿ, ಕಣ್ಣು ನೋಡಿ, ಹುಡುಗಿ ಕಲ್ಲುಗುಂಡಿನಂತಿದ್ದಾಳೆ ಎಂದರು. “ಇರ್ಲಿ ಬಿಡ್ರಿ, ಒಂದು ಬಾಟ್ಲಿ ಹಾಕ್ರಿ. ಹಾಕಿದ್ರ ಏನು ಲುಕ್ಸಾನು?” ಎಂದಳು ದೇವಕಮ್ಮ. ಡಾಕ್ಟರು ರೇಣಮ್ಮನ ಮುಖ ನೋಡಿದರು. ರೇಣಮ್ಮ ಅವ್ವನ ಮುಖ ನೋಡಿದಳು. ಬಿಸಿಲಿಗೆ ಸುಟ್ಟು ಕಪ್ಪಾದ ಆ ಮುಖದಲ್ಲಿ ಎಂಥ ಆಸೆಯಿತ್ತೆಂದರೆ, ಅವಳು ಸುಮ್ಮನೆ ಕೈ ಚಾಚಿದಳು.

ಮರುದಿನ ತಾಯಿ ಮಗಳು ಟಂಟಂ ಆಟೋದಲ್ಲಿ ಶಹಾಪುರಕ್ಕೆ ಬಂದು, ಅಲ್ಲಿಂದ ಬಸ್ಸಿನಲ್ಲಿ ಯಾದಗಿರಿಗೆ ಹೋದರು. ರೇಣಮ್ಮನ ಕೈಮೇಲೆ ಸೂಜಿ ಚುಚ್ಚಿದ ಕಡೆ ಹತ್ತಿ ಅಂಟಿಸಿದ ಬಿಳಿ ಪಟ್ಟಿ. ದೇವಕಮ್ಮನ ಚೀಲದಲ್ಲಿ ನೀರಿನ ಬಾಟಲಿ, ಗ್ಲುಕೋಸಿನ ಡಬ್ಬಿ. ಇಂಟರ್‌ವ್ಯೂ ನಡೆಯುವ ಕಟ್ಟಡದಲ್ಲಿ ಕರೆಂಟು ಹೋಗಿತ್ತು. ಒಳಗಿನವರು ಸೆಕೆಗೆ ಬೇಯುತ್ತಿದ್ದರಿಂದ ಜವಾನ ನಬಿಸಾಬ ಬಾಗಿಲನ್ನು ಪೂರ್ತಿ ತೆರೆದು, ಮುಚ್ಚಿಕೊಳ್ಳದಂತೆ ಇಟ್ಟಂಗಿ ಇಟ್ಟಿದ್ದ. ಆ ಇಟ್ಟಂಗಿಯ ಪಕ್ಕದ ಬೆಂಚಿನ ಮೇಲೆಯೇ ದೇವಕಮ್ಮ ಕುಳಿತಳು.

ಒಳಗೆ ಮೂವರಿದ್ದರು. ನಡುವೆ ಕುಳಿತ ಕನ್ನಡಕದ ಮೇಡಂ ಮುಖ್ಯಸ್ಥೆ. ಬೆಂಗಳೂರು ಕಡೆಯವರು, ರಟ್ಟಿನ ಹಾಳೆಯಿಂದ ಗಾಳಿ ಹಾಕಿಕೊಳ್ಳುತ್ತಿದ್ದರು. ಮೊದಮೊದಲು ಎಲ್ಲ ಸುಸೂತ್ರವಾಗಿಯೇ ನಡೆಯಿತು. ಬಡ್ಡಿ ದರ ಕೇಳಿದರು, ಹೇಳಿದಳು. ಬೆಳೆ ವಿಮೆ ಕೇಳಿದರು, ಅದನ್ನೂ ಹೇಳಿದಳು. ಆಮೇಲೆ ಮೇಡಂ ಆಕಳಿಕೆ ತಡೆದು ಕೇಳಿದರು.

“ಸರಿ. ನಿಮ್ಮ ವೀಕ್ನೆಸ್ ಏನು?”

ರೇಣಮ್ಮನ ಬಾಯಿಪಾಠದ ಮಾತು ತಾನಾಗಿ ಹೊರಟಿತು. “ಕೆಲಸ ಹಿಡಿದೆನೆಂದರೆ ನನಗೆ ಊಟ ನಿದ್ರೆಗಳ...”

“ಪರಿವೆಯೇ ಇರುವುದಿಲ್ಲ,” ಎಂದು ಮೇಡಮ್ಮೇ ಮುಗಿಸಿದರು. “ಶಹಾಪುರದಿಂದ ಬಂದವರೆಲ್ಲ ಬೆಳಗ್ಗಿನಿಂದ ಇದನ್ನೇ ಹೇಳುತ್ತಿದ್ದೀರಿ. ನಿಮ್ಮ ಕಡೆ ಯಾರೂ ಊಟವನ್ನೇ ಮಾಡುವುದಿಲ್ಲವೇನಮ್ಮ? ನಿಮಗೆ ನಿಜವಾಗಿ ಇರುವ ವೀಕ್ನೆಸ್ ಹೇಳಿ.”

ಅವಳು ಹೇಳುವುದಕ್ಕೆ ಮುಂಚೆಯೇ ಬಾಗಿಲಲ್ಲಿ ಬಳೆಗಳ ಸದ್ದಾಯಿತು. ನಬಿಸಾಬ “ಏ ಯವ್ವಾ, ಏ ಯವ್ವಾ!” ಎನ್ನುತ್ತಿದ್ದಂತೆಯೇ ದೇವಕಮ್ಮ ಮೇಜಿನ ಮುಂದೆ ಬಂದು ನಿಂತಿದ್ದಳು.

“ಸುಳ್ಳರಿ ಮೇಡಮ್ಮರ! ಯಾರ ಹೇಳ್ಯಾರ ನಿಮಗ? ನನ್ನ ಮಗಳಿಗೆ ಯಾವ ವೀಕ್ನೆಸ್ಸೂ ಇಲ್ಲ! ತತ್ತಿ ತಿನಿಸೀನಿ, ತುಪ್ಪ ಉಣಿಸೀನಿ, ನಿನ್ನಿ ಬಾಟ್ಲೀನೂ ಏರಿಸೀನಿ. ಕೈ ತೋರ್ಸು ರೇಣಿ! ಹಿಂದಿನ ವೀಕ್ನೆಸ್ ಹಿಂದ ಹೋತ್ರಿ, ಈಗ ಗಟ್ಟಿ ಆಗ್ಯಾಳ!”

ಎಡಕ್ಕೆ ಕುಳಿತ ಸಾಹೇಬರು ಕೆಮ್ಮತೊಡಗಿದರು. ಅದು ಕೆಮ್ಮಲ್ಲ, ನಗು. ಬಲಕ್ಕೆ ಕುಳಿತವರು ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡರು. ರೇಣಮ್ಮನಿಗೆ ನೆಲ ಬಿರಿದು ತನ್ನನ್ನು ನುಂಗಬಾರದೇ ಅನ್ನಿಸಿತು. ಆದರೆ ನೆಲ ಬಿರಿಯಲಿಲ್ಲ, ಮೇಡಂ ಅವಳ ಕೈಮೇಲಿನ ಪಟ್ಟಿಯನ್ನೇ ನೋಡುತ್ತಿದ್ದರು.

“ಏನಮ್ಮ ಇದು?”

ಬಸವಂತರಾಯರು ಕಲಿಸಿದ ಕನ್ನಡ ಅವಳ ನಾಲಿಗೆಯಿಂದ ಜಾರಿ ಹೋಯಿತು. “ನಮ್ಮವ್ವರಿ. ವೀಕ್ನೆಸ್ ಅಂದ್ರ ಮೈಯಾಗಿಂದು ಅಂತ ತಿಳ್ಕೊಂಡಾಳ. ನನಗ ಏನೂ ಆಗಿಲ್ಲಂತ ಗೊತ್ತಿದ್ರೂ ಬಾಟ್ಲಿ ಹಾಕಿಸ್ಕೊಂಡೀನ್ರಿ. ನಮ್ಮವರಿಗೆ ಬ್ಯಾಡ ಅನ್ನಾಕ ನನಗ ಬರಂಗಿಲ್ಲ. ಖರೇ ಹೇಳ್ಬೇಕಂದ್ರ ನನ್ನ ವೀಕ್ನೆಸ್ ಅದೇರಿ.”

ನಗು ನಿಂತಿತು. ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಬ್ಯಾಂಕಿನಲ್ಲಿ ಕೂರುವವರಿಗೆ ಅದು ಬಹಳ ದೊಡ್ಡ ವೀಕ್ನೆಸ್. ನಾಳೆ ಇಂಥ ತಾಯಿಯೊಬ್ಬರು ಬಂದು, ಕಾಗದಪತ್ರ ಇಲ್ಲ, ಆದರೂ ಸಾಲ ಕೊಡು ಅಂದರೆ?”

ರೇಣಮ್ಮನಿಗೆ ತಾನು ಎಂಥ ಗುಂಡಿಗೆ ಬಿದ್ದೆನೆಂದು ಆಗ ತಿಳಿಯಿತು. ಅವಳು ಕೈಮೇಲಿನ ಪಟ್ಟಿ ಸವರಿಕೊಂಡಳು.

“ಬಾಟ್ಲಿ ಏರಿಸಿದ್ದು ನನ್ನ ಕೈಗ್ರಿ. ಕೈ ನಂದು, ಚಾಚಿದೆ. ಬ್ಯಾಂಕು ನಂದಲ್ಲಲ್ರಿ. ಅದಕ್ಕ ಸೂಜಿ ಚುಚ್ಚಾಕ ಬಂದ್ರ ಬ್ಯಾಡ ಅಂತೀನಿ. ಯಾರೇ ಇರ್ಲಿ.”

“ಮಾತು ಚೆನ್ನಾಗಿದೆ,” ಎಂದರು ಮೇಡಂ. “ಆದರೆ ಇದೂ ಬ್ಯಾಂಕಿನ ಕೋಣೆಯೇ. ಇಲ್ಲಿ ಈಗ ಕರೆಯದೆ ಬಂದವರೊಬ್ಬರು ನಿಂತಿದ್ದಾರೆ.”

ದೇವಕಮ್ಮನಿಗೆ ಈ ಮಾತುಗಳ ಗೊಡವೆ ಇರಲಿಲ್ಲ. ಮಗಳ ಮುಖ ಬಾಡಿದ್ದಷ್ಟೇ ಅವಳಿಗೆ ಕಂಡದ್ದು. ಚೀಲದಿಂದ ಬಾಟಲಿ ತೆಗೆದು ಗ್ಲುಕೋಸು ಸುರಿದು ಕುಲುಕುತ್ತಿದ್ದಳು. “ಕುಡಿ ನನ್ನವ್ವ, ಒಂದ ಗುಟುಕು ಕುಡಿ” ಎಂದು ಬಾಯಿಯ ಹತ್ತಿರ ತಂದಳು.

“ಬ್ಯಾಡವ್ವ,” ಎಂದಳು ರೇಣಮ್ಮ.

“ಒಂದ ಗುಟುಕು...”

“ಬ್ಯಾಡ ಅಂದೆ. ಹೊರಗ ಹೋಗಿ ಕುಂದರು.”

ಹುಟ್ಟಿದಾರಭ್ಯ ಮಗಳ ಬಾಯಿಂದ ದೇವಕಮ್ಮ ಕೇಳದ ಮಾತು ಅದು. ಅವಳು ಬಾಟಲಿಯ ಮುಚ್ಚಳವನ್ನು ನಿಧಾನಕ್ಕೆ ತಿರುಗಿಸಿ ಹಾಕಿದಳು, ಮೂವರಿಗೂ ಕೈ ಮುಗಿದಳು, ಸೆರಗು ಹೊದ್ದು ಹೊರಗೆ ನಡೆದಳು. ರೇಣಮ್ಮ ತಿರುಗಿ ನೋಡಲಿಲ್ಲ. ನೋಡಿದ್ದರೆ ಎದ್ದು ಹಿಂದೆಯೇ ಓಡುತ್ತಿದ್ದಳು. ಕಣ್ಣು ತುಂಬಿ ಬಂದರೂ ಕುರ್ಚಿ ಬಿಟ್ಟು ಏಳಲಿಲ್ಲ. ಮೇಡಂ ಕನ್ನಡಕ ಹಾಕಿಕೊಂಡು, “ನೀವಿನ್ನು ಹೋಗಬಹುದು” ಎಂದರು.

ಬಸ್ಸಿನಲ್ಲಿ ದೇವಕಮ್ಮ ಕಿಟಕಿಯ ಕಡೆ ಮುಖ ಮಾಡಿ ಕುಳಿತವಳು ಗೋಗಿ ಬರುವವರೆಗೂ ತುಟಿ ಬಿಚ್ಚಲಿಲ್ಲ. ರೇಣಮ್ಮ ತಾನಾಗಿಯೇ ಗ್ಲುಕೋಸಿನ ನೀರು ಕೇಳಿ ಕುಡಿದಳು. ಅದಕ್ಕೂ ಅವ್ವ ಕರಗಲಿಲ್ಲ. ಮನೆಯಲ್ಲಿ ತತ್ತಿ ನಿಂತಿತು, ತುಪ್ಪ ನಿಂತಿತು. ಕೇಳಿದ್ದಕ್ಕಷ್ಟೇ ಜವಾಬು. “ನಾ ಯಾಕ ಹೇಳ್ಲಿ? ನಾ ಹೊರಗ ಕುಂದ್ರಾಕಿ” ಎಂದು ಅಂಬ್ರಪ್ಪನ ಮುಂದೆ ಮಗಳಿಗೆ ಕೇಳುವ ಹಾಗೆ ಹೇಳುತ್ತಿದ್ದಳು. ನೌಕರಿ ಹೋದರೆ ಹೋಗಲಿ, ಅವ್ವ ಒಂದು ಸಲ ಬೈದರೆ ಸಾಕೆಂದು ರೇಣಮ್ಮನಿಗೆ ಅನ್ನಿಸತೊಡಗಿತ್ತು.

ಮಳೆಗಾಲದ ಹೊತ್ತಿಗೆ ಬ್ಯಾಂಕಿನ ಪತ್ರ ಬಂತು. ರೇಣಮ್ಮ ಕಟ್ಟೆಯ ಮೇಲೆ ನಿಂತು ಓದಿದಳು. ಆಯ್ಕೆಯಾಗಿದ್ದಳು! ಅಂಬ್ರಪ್ಪ ಓಣಿಗೆಲ್ಲ ಕೇಳುವಂತೆ ಕೂಗಿದ. ಚಮನಬೀ ಕತ್ತರಿ ಹಿಡಿದುಕೊಂಡೇ ಓಡಿ ಬಂದಳು. ದೇವಕಮ್ಮ ಒಲೆಯ ಮುಂದಿನಿಂದ ಏಳಲಿಲ್ಲ, ಆದರೆ ಸೆರಗಿನಿಂದ ಕಣ್ಣು ಒರೆಸಿಕೊಂಡದ್ದು ಎಲ್ಲರಿಗೂ ಕಂಡಿತು.

“ಇನ್ನೂ ಅದ, ಕೇಳ್ರಿ,” ಎಂದಳು ರೇಣಮ್ಮ. ಓದುತ್ತ ಓದುತ್ತ ಅವಳ ದನಿ ಸಣ್ಣದಾಯಿತು. “ಕೆಲಸಕ್ಕೆ ಸೇರುವ ಮೊದಲು ಅಭ್ಯರ್ಥಿಯು ವೈದ್ಯಕೀಯ ತಪಾಸಣೆಗೆ ಒಳಪಟ್ಟು, ದೇಹದಾರ್ಢ್ಯದ ಪ್ರಮಾಣಪತ್ರ ತರತಕ್ಕದ್ದು.”

“ಹಂಗಂದ್ರ?” ಎಂದ ಅಂಬ್ರಪ್ಪ.

ರೇಣಮ್ಮ ಒಲೆಯ ಕಡೆ ನೋಡಿದಳು. “ಡಾಕ್ಟರ್ ಮೈ ನೋಡ್ತಾರಂತ. ವೀಕ್ನೆಸ್ ಅದನೋ ಇಲ್ಲೋ ಅಂತ.”

ದೇವಕಮ್ಮ ಎದ್ದಳು. ಕೈ ತೊಳೆದಳು. ಗೂಟದ ಮೇಲಿನ ಚೀಲ ಇಳಿಸಿ, ಗ್ಲುಕೋಸಿನ ಡಬ್ಬಿ ಇದೆಯೇ ಎಂದು ನೋಡಿ, ಹೆಗಲಿಗೆ ಹಾಕಿಕೊಂಡಳು. ಬಾಗಿಲ ತನಕ ಹೋಗಿ ನಿಂತು ಕೇಳಿದಳು.

“ಈಗ ನಾ ಒಳಗ ಬರ್ಲೋ, ಹೊರಗ ಕುಂದರ್ಲೋ?”

“ಒಳಗ ಬಾ ಅವ್ವ,” ಎಂದಳು ರೇಣಮ್ಮ, ನಗುತ್ತ, ಅಳುತ್ತ, ಸಲೈನ್ ಹಾಕಿಸಿಕೊಂಡ ಅದೇ ಕೈ ಚಾಚಿ.