ಓಗೊಡುವವಳ ಜಾಗ

ಮುದ್ದಕ್ಕ ತಾನಾಗಿಯೇ ಫೋನ್ ಮಾಡಿಸಿದ್ದು ಯಮುನಾಳಿಗೆ ನಂಬಲಾಗಲಿಲ್ಲ. ತಂಗಿ ರಂಗಕ್ಕ ತೀರಿಕೊಂಡ ಮೇಲೆ ಮುದ್ದಕ್ಕ ಒಂದು ಸೊಲ್ಲೂ ಹಾಡಿರಲಿಲ್ಲ. ಮದುವೆ ಮನೆಯವರು ಹುಡುಕಿಕೊಂಡು ಬಂದರೂ "ಜೊತೆಯೋಳು ಇಲ್ದೆ ಏನು ಪದ ಹೇಳ್ಲಿ, ಹೋಗ್ರಪ್ಪ" ಎಂದು ಕಳಿಸಿಬಿಡುತ್ತಿದ್ದಳು. ಈಗ ಅವಳೇ ಕರೆಯುತ್ತಿದ್ದಾಳೆ.

"ನಿನ್ನ ಕ್ಯಾಮ್ರಾ ತಕಂಡು ಸ್ವಾಮಾರ ಬಾ ಕಣೆ. ಹಸ ಹುಡುಕೋ ಪದ ಹೇಳ್ತೀನಿ, ಪೂರ್ತಿ ಹಿಡ್ಕೊ. ಆಮೇಕೆ ನಂಗೂ ಮರ್ತೋಯ್ತದೆ."

ರಂಗಕ್ಕ ಯಮುನಾಳ ತಾಯಿ. ಯಮುನಾ ಮತ್ತು ಅವಳ ಗಂಡ ಓಬಳೇಶ್ ಹುಳಿಯಾರಿನಲ್ಲಿ ಸ್ಟುಡಿಯೋ ಇಟ್ಟಿದ್ದರು. ಸುತ್ತಿನ ಊರುಗಳ ಮದುವೆ, ನಾಮಕರಣ, ಗೃಹಪ್ರವೇಶಗಳೆಲ್ಲ ಅವರ ಕಂಪ್ಯೂಟರಿನಲ್ಲಿದ್ದವು. ತಾಯಿಯ ದನಿ ಮಾತ್ರ ಎಲ್ಲೂ ಇರಲಿಲ್ಲ. ತವರಿನ ಹಟ್ಟಿಯಲ್ಲಿ ಆ ದನಿ ಹಸುವಿನ ಗಂಟೆಯ ಹಾಗೆ ಯಾವಾಗಲೂ ಕೇಳುತ್ತಿದ್ದುದರಿಂದ, ಅದನ್ನು ಹಿಡಿದಿಡಬೇಕೆಂದು ಯಾರಿಗೂ ತೋಚಿರಲಿಲ್ಲ. ತಾಯಿಯದು ಇಲ್ಲದಿದ್ದರೆ ದೊಡ್ಡಮ್ಮನದಾದರೂ ಇರಲಿ ಎಂದು ಯಮುನಾ ಕೂಡಲೇ ಒಪ್ಪಿಕೊಂಡಳು.

ತೊಡಕೊಂದಿತ್ತು. ಆ ಸೋಮವಾರ ಓಬಳೇಶ್‌ಗೆ ತಿಪಟೂರಿನಲ್ಲಿ ಒಂದು ಮದುವೆ ಇತ್ತು. ದೊಡ್ಡ ವಿಡಿಯೋ ಕ್ಯಾಮೆರಾ ಅವನ ಜೊತೆ ಹೋಗಬೇಕು. ಉಳಿಯುವುದು ಫೋಟೋ ತೆಗೆಯುವ ಹಳೆಯ ಡಿಎಸ್‌ಎಲ್‌ಆರ್.

"ಅದು ಫೋಟೋಕ್ಕೆ ಅಂತ ಮಾಡಿರೋದು ಕಣೆ," ಎಂದ ಓಬಳೇಶ್. "ವಿಡಿಯೋ ಬತ್ತದೆ, ಇಲ್ಲ ಅನ್ನಕಿಲ್ಲ. ಆದ್ರೆ ಅರ್ಧ ಗಂಟೆಗೆ ತಾನೇ ನಿಂತೋಯ್ತದೆ. ಈ ಬಿಸ್ಲಲ್ಲಿ ಅದಕ್ಕೂ ಮೊದ್ಲೇ ಕಾದು ಕುಂತ್ಕಂಬುಡ್ತದೆ. ಪದ ಎಷ್ಟೊತ್ತಿಂದು?"

"ಪೂರ್ತಿ ಕೇಳೇ ಇಲ್ಲ ಕಣ್ರೀ. ಚಿಕ್ಕೋಳಿದ್ದಾಗ ನಡುವೇಲೇ ನಿದ್ದೆ ಹೋಗ್ತಿದ್ದೆ."

"ಹಂಗಾದ್ರೆ ಇನ್ನೊಂದಿನ ಮಡಿಕೊ."

"ದೊಡ್ಡಮ್ಮ ಮನಸು ಮಾಡಿರೋದೇ ಹೆಚ್ಚು. ಇನ್ನೊಂದಿನ ಒಲ್ಲೆ ಅಂದ್ಬುಟ್ರೆ?"

ನಿಂತಾಗ ಮತ್ತೆ ಒತ್ತಿದರಾಯಿತು, ತಪ್ಪಿದ ಸಾಲನ್ನು ಇನ್ನೊಮ್ಮೆ ಹೇಳಿಸಿದರಾಯಿತು ಎಂದುಕೊಂಡು ಯಮುನಾ ಬಸ್ಸು ಹತ್ತಿದಳು.

ಹಟ್ಟಿಯ ಪಕ್ಕದಲ್ಲೇ ಮುದ್ದಕ್ಕನ ತೆಂಗಿನ ತೋಟ. ಮಗ ಮಾರಯ್ಯ ಪಕ್ಕದ ಪಾತಿಗೆ ನೀರು ತಿರುಗಿಸುತ್ತಿದ್ದ. ದೂರದಲ್ಲಿ ಯಾರದೋ ಪಂಪು ಗುಂಯ್‌ಗುಡುತ್ತಿತ್ತು. ಮುದ್ದಕ್ಕ ತಲೆಗೆ ಎಣ್ಣೆ ಹಾಕಿ ಬಾಚಿಕೊಂಡು, ಒಗೆದ ಸೀರೆ ಉಟ್ಟು, ಮರದ ನೆರಳಲ್ಲಿ ಗರಿ ಚಾಪೆ ಹಾಸಿದಳು. ಅದರ ಪಕ್ಕಕ್ಕೆ ಇನ್ನೊಂದನ್ನೂ ಹಾಸಿದಳು.

"ಅದ್ಯಾರಿಗೆ ದೊಡ್ಡಮ್ಮ?"

"ನಿಮ್ಮವ್ವ ಬರೀ ನೆಲದ ಮೇಲೆ ಕೂರ್ತಾಳಾ?"

ಯಮುನಾ ಸ್ಟ್ಯಾಂಡಿಗೆ ಕ್ಯಾಮೆರಾ ಸಿಕ್ಕಿಸಿದಳು.

ಹಸ ಹುಡುಕುವ ಪದ ಇಬ್ಬರು ಹಾಡುವಂಥದ್ದು. ಮೇಯಲು ಹೋದ ಹಸುಗಳು ಹಿಂದಿರುಗದೆ ಅಕ್ಕ ತಂಗಿ ಇಬ್ಬರೂ ಹುಡುಕಿಕೊಂಡು ಕಾಡಿಗೆ ಹೋಗುತ್ತಾರೆ. ಕತ್ತಲಾಗಿ ಒಬ್ಬರಿಗೊಬ್ಬರು ಕಾಣದಾಗುತ್ತಾರೆ. ಅಕ್ಕ ಕೂಗಿ ಕರೆಯುತ್ತಾಳೆ, ತಂಗಿ ಒಂದೊಂದು ಮೆಳೆಯ ಮರೆಯಿಂದ ಓಗೊಡುತ್ತಾಳೆ. ಮುದ್ದಕ್ಕ ಕರೆಯುವವಳು, ರಂಗಕ್ಕ ಓಗೊಡುವವಳು. ಒಮ್ಮೆ ಕರೆಯಲು ತೊಡಗಿದರೆ ಪದವನ್ನು ನಡುವೆ ಬಿಡಬಾರದು, ಬಿಟ್ಟರೆ ಕಿರಿಯವಳು ಕಾಡಿನಲ್ಲೇ ಉಳಿಯುತ್ತಾಳೆ ಎಂದು ಹಟ್ಟಿಯ ಹೆಂಗಸರು ಹೇಳುತ್ತಿದ್ದರು. ಒಲೆಯ ಮೇಲೆ ಹಾಲು ಉಕ್ಕಿದರೂ ಅವ್ವ ಎದ್ದು ಹೋಗದೆ ಹಾಡುತ್ತಿದ್ದುದು ಯಮುನಾಳಿಗೆ ನೆನಪಿತ್ತು.

ಮುದ್ದಕ್ಕ ಕಣ್ಣು ಮುಚ್ಚಿ ದನಿ ಎತ್ತಿದಳು.

*ಹಸ ಕಟ್ಟೋ ಹೊತ್ತಾತು, ಹಾದಿ ಕತ್ತಲಾತು*
*ಎಲ್ಲಿದ್ದಿ ನನ ತಂಗಿ, ಓಗೊಡೆ...*

ಅಷ್ಟು ಹೇಳಿ ನಿಲ್ಲಿಸಿದಳು. ಇನ್ನೊಂದು ದನಿಗೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಕಾದಳು. ತಲೆಯನ್ನು ಮೆಲ್ಲಗೆ ತೂಗಿ, ಕೇಳಿಸಿಕೊಂಡವಳಂತೆ ಮುಂದಿನ ಸೊಲ್ಲಿಗೆ ಹೋದಳು.

ಎರಡನೆಯ ಸಲ ಅವಳು ಹಾಗೆ ನಿಲ್ಲಿಸಿದಾಗ ಕ್ಯಾಮೆರಾದ ಪರದೆಯ ಮೇಲೆ ಮುದ್ದಕ್ಕನ ಮುಖ ಮಸುಕಾಯಿತು. ಮುಖ ಗುರುತಿಸುವ ಬಿಳಿ ಚೌಕ ಅವಳನ್ನು ಬಿಟ್ಟು ಪಕ್ಕಕ್ಕೆ ಸರಿದು ಖಾಲಿ ಚಾಪೆಯ ಮೇಲೆ ನಿಂತಿತು. ಮುದ್ದಕ್ಕ ಮತ್ತೆ ಹಾಡತೊಡಗಿದಾಗ ಅವಳ ಮುಖಕ್ಕೆ ಹಿಂದಿರುಗಿತು. ಯಮುನಾ ಗಂಡನನ್ನು ನೆನೆದು ಬೈದುಕೊಂಡಳು. ಹೊಸ ಲೆನ್ಸ್ ತರೋಣ ಎಂದು ಎಷ್ಟು ದಿನದಿಂದ ಹೇಳುತ್ತಿದ್ದಳು!

ಪದ ಕಾಡಿನ ಒಳಕ್ಕೆ ಹೋಯಿತು. ತಂಗಿ ಈಗ ಕಳ್ಳಿ ಮೆಳೆಯ ಹತ್ತಿರವಿಲ್ಲ, ಹಳ್ಳದಾಚೆಗಿದ್ದಾಳೆ. ಅಷ್ಟರಲ್ಲಿ ಪರದೆಯ ಮೇಲೆ ಬಿಸಿಯಾದ ಗುರುತು ಮಿನುಗಿ ಕ್ಯಾಮೆರಾ ಕಪ್ಪಾಯಿತು.

"ದೊಡ್ಡಮ್ಮ, ಒಸಿ ತಡಿ! ನಿಂತೋಯ್ತು!"

ಮುದ್ದಕ್ಕನ ಬಾಯಿ ತೆರೆದಂತೆಯೇ ನಿಂತಿತು. ಅವಳು ತಿರುಗಿ ಪಕ್ಕಕ್ಕೆ ನೋಡಿದಳು.

"ಈಗ್ ತಾನೆ ಕರ್ದಿದ್ದೆ ಕಣೆ," ಎಂದಳು. ದನಿ ಸಣ್ಣದಾಗಿತ್ತು.

"ಅಲ್ಲಿಂದಾನೇ ಮುಂದುಕ್ಕೆ ಹೇಳು ದೊಡ್ಡಮ್ಮ, ಸೇರಿಸ್ತೀನಿ."

ಮುದ್ದಕ್ಕ ಹಳ್ಳದ ಸೊಲ್ಲನ್ನು ಹಿಡಿಯಲು ನೋಡಿದಳು. ಬರಲಿಲ್ಲ. ಮೊದಲಿನಿಂದ ಹೊರಟರೆ ಮಾತ್ರ ಅದು ಬರುವಂಥದ್ದು. ಯಮುನಾ ಕ್ಯಾಮೆರಾವನ್ನು ಒದ್ದೆ ಬಟ್ಟೆಯ ಹತ್ತಿರ ಇಟ್ಟು ಗಾಳಿ ಬೀಸಿ ತಣ್ಣಗೆ ಮಾಡಿದಳು. ಈ ಸಲ ಫೋಕಸ್ಸನ್ನು ಕೈಯಲ್ಲೇ ತಿರುಗಿಸಿ ಮುದ್ದಕ್ಕನ ಮುಖದ ಮೇಲೆ ನಿಲ್ಲಿಸಿದಳು. ಮುದ್ದಕ್ಕ ಮತ್ತೆ ಮೊದಲಿನಿಂದ ಹೊರಟಳು. ದನಿ ಆಗಲೇ ಬಳಲಿತ್ತು.

ಹಳ್ಳ ದಾಟಿತು, ಬಂಡೆ ದಾಟಿತು. ಕ್ಯಾಮೆರಾ ಮತ್ತೆ ಕಪ್ಪಾಯಿತು. ಈ ಸಲ ಸುಮ್ಮನಿರಬೇಕು, ಹಾಡಿ ಮುಗಿಸಲಿ ಎಂದು ಯಮುನಾ ತುಟಿ ಕಚ್ಚಿದಳು. ಆದರೆ ಅಭ್ಯಾಸಬಲದಿಂದ ಕೈ ಗುಂಡಿಯ ಕಡೆ ಹೋಯಿತು. ಮುದ್ದಕ್ಕ ಅದನ್ನು ಕಂಡಳು, ದನಿ ಅಲ್ಲಿಗೇ ಕಡಿದುಹೋಯಿತು. ಮತ್ತೆ ಬಾಯಿ ತೆರೆದಾಗ ಬರೀ ಉಸಿರು ಬಂತು.

ಮಾರಯ್ಯ ಬಂದು "ಸಾಕು ಏಳವ್ವ, ಬಿಸ್ಲು" ಎಂದ. ಅವಳು ಏಳಲಿಲ್ಲ.

"ಅವಳನ್ನ ಬುಟ್ಟು ಹೆಂಗ್ಲಾ ಬರ್ಲಿ?"

ಇಬ್ಬರೂ ಸೇರಿ ರಟ್ಟೆ ಹಿಡಿದು ಎಬ್ಬಿಸಿದರು. ಮುದ್ದಕ್ಕ ತನ್ನ ಚಾಪೆಯನ್ನು ಮಡಿಸಲು ಬಿಟ್ಟಳು. ಇನ್ನೊಂದನ್ನು ಮುಟ್ಟಲು ಬಿಡಲಿಲ್ಲ.

ಸಂಜೆ ಸ್ಟುಡಿಯೋದಲ್ಲಿ ಯಮುನಾ ಕ್ಲಿಪ್ಪುಗಳನ್ನು ಕಂಪ್ಯೂಟರಿಗೆ ಹಾಕಿದಳು. ಓಬಳೇಶ್ ಇನ್ನೂ ಬಂದಿರಲಿಲ್ಲ. ದೊಡ್ಡ ಪರದೆಯಲ್ಲಿ ಮೊದಲನೆಯ ಕ್ಲಿಪ್ಪು ನೋಡುವಾಗ, ಚೌಕ ಸರಿದ ಕಡೆ ಅವಳು ನಿಲ್ಲಿಸಿದಳು. ಫೋಕಸ್ ಹಿಂದಿನ ಮರಕ್ಕೆ ಹಾರಿರಬೇಕು ಎಂದುಕೊಂಡಿದ್ದಳು. ಆದರೆ ಮರವೂ ಮಸುಕಾಗಿತ್ತು, ಮುದ್ದಕ್ಕನೂ ಮಸುಕಾಗಿದ್ದಳು. ಸ್ಪಷ್ಟವಾಗಿದ್ದುದು ಖಾಲಿ ಚಾಪೆಯೊಂದೇ, ಅದರ ಹೆಣಿಗೆಯ ಒಂದೊಂದು ಎಳೆಯೂ ಕಾಣುತ್ತಿತ್ತು. ಅಲ್ಲಿ ಯಾರಾದರೂ ಕೂತಿದ್ದರೆ ಹೇಗೋ ಹಾಗೆ.

ಕ್ಯಾಮೆರಾಕ್ಕೆ ಹುಚ್ಚು ಎಂದುಕೊಂಡು ಹೆಡ್‌ಫೋನ್ ಹಾಕಿದಳು. ಆ ಕ್ಯಾಮೆರಾದ ಮೈಕಿಗೆ ಒಂದು ಚಾಳಿಯಿತ್ತು. ಹತ್ತಿರದ ಸದ್ದು ಜೋರಾದರೆ ತಾನೇ ತಗ್ಗಿಸಿಕೊಳ್ಳುತ್ತಿತ್ತು. ಸದ್ದಡಗಿದರೆ ಏನಾದರೂ ಕೇಳೀತೇನೋ ಎಂಬಂತೆ ತಾನೇ ಏರಿಸಿಕೊಳ್ಳುತ್ತ ಹೋಗುತ್ತಿತ್ತು. ಭಾಷಣ ಮಾಡುವವರು ನಡುವೆ ಸುಮ್ಮನಾದರೆ ಸಾಕು, ಸ್ಸ್ ಎಂಬ ಗಾಳಿಯಂಥ ಸದ್ದು ಮೇಲೇಳುತ್ತಿತ್ತು. ಅದನ್ನು ತೆಗೆಯುವುದೇ ಯಮುನಾಳಿಗೆ ದೊಡ್ಡ ಕೆಲಸ. ಪದ ಶುರುವಾಗುವ ಮುಂಚಿನ ಮೌನದಲ್ಲಿ ಆ ಸದ್ದು ಇತ್ತು. ಪಂಪಿನ ಗುಂಯ್ ಕೂಡ ಹತ್ತಿರ ಬಂದಂತೆ ಏರಿತ್ತು.

ಆದರೆ ಮುದ್ದಕ್ಕ ಕರೆದು ಕಾಯುತ್ತಿದ್ದ ಮೌನಗಳಲ್ಲಿ ಅದು ಏರಲೇ ಇಲ್ಲ. ಬದಲಿಗೆ ಪಂಪಿನ ಸದ್ದೂ ಎಲೆಯ ಸದ್ದೂ ಕೆಳಗೆ ಅದುಮಿಕೊಂಡವು, ಮೈಕಿನ ಮುಂದೆ ಕೂತು ಯಾರೋ ಗಟ್ಟಿಯಾಗಿ ಹಾಡಿದರೆ ಹೇಗೆ ಅದುಮಿಕೊಳ್ಳುತ್ತವೆಯೋ ಹಾಗೆ. ಮುದ್ದಕ್ಕ ಮುಂದಿನ ಸೊಲ್ಲು ಎತ್ತುವ ಮುನ್ನ, ಯಾರೋ ಉಸಿರೆಳೆದುಕೊಳ್ಳುವಷ್ಟು ಹೊತ್ತು ಸದ್ದು ತುಸು ಏರಿ, ಮತ್ತೆ ತಗ್ಗುತ್ತಿತ್ತು. ಯಮುನಾ ಪ್ರತಿಯೊಂದು ಮೌನವನ್ನೂ ಕೇಳಿದಳು. ಎಲ್ಲ ಕಡೆಯೂ ಹಾಗೇ. ಕ್ಯಾಮೆರಾಕ್ಕೆ ಒಂದು ದನಿ ಕೇಳಿಸಿತ್ತು. ಹಿಡಿದಿಟ್ಟುಕೊಳ್ಳಲು ಮಾತ್ರ ಅದಕ್ಕೆ ಆಗಿರಲಿಲ್ಲ.

ಯಮುನಾ ಹೆಡ್‌ಫೋನ್ ತೆಗೆದಿಟ್ಟು, ಅಂಗಡಿಯ ಬಾಗಿಲು ಎಳೆದು, ಜನ ಓಡಾಡುವ ಬಸ್‌ಸ್ಟ್ಯಾಂಡಿನಲ್ಲಿ ಹೋಗಿ ಸುಮ್ಮನೆ ನಿಂತಳು.

ಮರುದಿನ ಬೆಳಿಗ್ಗೆ ಮಾರಯ್ಯನ ಫೋನ್ ಬಂತು.

"ಅವ್ವ ಕೋಳಿ ಕೂಗೋ ಹೊತ್ಗೇ ಎದ್ದು ತೋಟದಾಗೆ ಹೋಗಿ ಕುಂತವಳೆ ಕಣಕ್ಕ. ನೀರೂ ಕುಡಿಯಾಕಿಲ್ಲ, ಏಳಾಕೂ ಇಲ್ಲ. ನೀನೇ ಒಸಿ ಬಾ."

ಮುದ್ದಕ್ಕ ನಿನ್ನೆಯ ಜಾಗದಲ್ಲೇ ಕೂತಿದ್ದಳು. ಯಮುನಾಳನ್ನು ಕಂಡು "ತೋರ್ಸು, ನೆನ್ನೆ ಹಿಡ್ದಿದ್ದು ತೋರ್ಸು" ಎಂದು ಕೆಮ್ಮಿದಳು. ಯಮುನಾ ಅವಳ ಮುಂದೆ ಕ್ಯಾಮೆರಾ ಹಿಡಿದು ಎರಡನೆಯ ಕ್ಲಿಪ್ಪನ್ನು ಓಡಿಸಿದಳು. ಅದರಲ್ಲಿ ಮುದ್ದಕ್ಕ ಸ್ಪಷ್ಟವಾಗಿದ್ದಳು, ಅಂಚಿನಲ್ಲಿ ಪಕ್ಕದ ಚಾಪೆ ಮಸುಕಾಗಿತ್ತು. ಮುದುಕಿ ತನ್ನನ್ನು ನೋಡಿಕೊಳ್ಳಲೇ ಇಲ್ಲ. ಅಂಚಿನ ಮೇಲೆ ಬೆರಳಿಟ್ಟಳು.

"ನೋಡು, ಹೆಂಗೆ ಮೂತಿ ಊದಿಸ್ಕಂಡು ಕುಂತವಳೆ. ಮೊದ್ಲು ಸತಿ ನಡುವೇಲಿ ಬುಟ್ನಲ್ಲ, ಅದಕ್ಕೆ. ಚಿಕ್ಕಂದಿಂದ್ಲೂ ಅವಳಿಗೆ ಇದೇ ಸಿಟ್ಟು."

ಯಮುನಾ ಪರದೆಗೆ ಮುಖ ತಾಗುವಷ್ಟು ಬಾಗಿದಳು. ಚಾಪೆ, ನೆರಳು, ಒಂದು ಒಣಗಿದ ಗರಿ. ಬೇರೇನೂ ಇರಲಿಲ್ಲ.

"ನಂಗೆ ಕಾಣಾಕಿಲ್ವಲ್ಲ ದೊಡ್ಡಮ್ಮ," ಎಂದಳು. "ಏನ್ ಮಾಡ್ತಾವಳೆ ಅವ್ವ?"

"ಇನ್ನೇನು ಮಾಡ್ತಾಳೆ? ನಿನ್ನೇ ನೋಡ್ತಾವಳೆ."

ಯಮುನಾ ಕ್ಯಾಮೆರಾವನ್ನು ಆರಿಸಿದಳು. ಅವಳಿಗೆ ಅಳು ಬಂತು. ಜೊತೆಗೆ, ಪಕ್ಕದ ಚಾಪೆಯ ಕಡೆ ತಿರುಗಲಾರದಷ್ಟು ಭಯವೂ ಆಯಿತು.

"ಅದನ್ನ ಚೀಲಕ್ಕೆ ಹಾಕು," ಎಂದಳು ಮುದ್ದಕ್ಕ. "ನಡುವೇಲಿ ಕೈ ಕೊಡೋದು ನಮಗೆ ಬ್ಯಾಡ. ನನ್ನ ಗಂಟ್ಲು ಹೋಗದೆ. ನೀನೂ ನನ್ ಜೊತೆ ಕರಿ. ಇವತ್ತು ಅವಳನ್ನ ಮನೆ ಸೇರುಸ್ಲೇಬೇಕು."

ಇಬ್ಬರೂ ಮೊದಲಿನಿಂದ ಹೊರಟರು. ಕರೆಯುವ ಸೊಲ್ಲುಗಳನ್ನು ಯಮುನಾ ನಿನ್ನೆ ಎರಡು ಸಲ ಕೇಳಿದ್ದಳು, ಮುದ್ದಕ್ಕನ ದನಿ ಜಾರಿದಲ್ಲಿ ಇವಳ ದನಿ ಹಿಡಿದುಕೊಂಡಿತು. ಮೊದಲನೆಯ ಮೌನ ಬಂತು. ಚಿಕ್ಕಂದಿನಿಂದ ಕೇಳಿದ ಸಾಲು ಯಮುನಾಳ ನಾಲಗೆಗೆ ತಾನಾಗಿಯೇ ಬಂದುಬಿಟ್ಟಿತು: *ಇಲ್ಲಿವ್ನಿ ಕಣಕ್ಕ, ಕಳ್ಳಿ ಮೆಳೆ...*

ಮುದ್ದಕ್ಕ ಅವಳ ತೊಡೆಯ ಮೇಲೆ ಫಟ್ಟನೆ ಹೊಡೆದಳು. ಹಾಡು ನಿಲ್ಲಿಸಲಿಲ್ಲ. ಕಣ್ಣಲ್ಲೇ ಗದರಿದಳು. ಅದು ನಿನ್ನ ಜಾಗವಲ್ಲ.

ಆಮೇಲೆ ಯಮುನಾ ಮೌನಗಳಲ್ಲಿ ಬಾಯಿ ಬಿಗಿಹಿಡಿದಳು. ಅವಳಿಗೆ ಏನೂ ಕೇಳಿಸಲಿಲ್ಲ. ಆದರೆ ಆಚೆ ಮರಕ್ಕೆ ಕಟ್ಟಿದ ಹಸು ಮೇವು ಬಿಟ್ಟು ತಲೆ ಎತ್ತುತ್ತಿತ್ತು. ಎರಡೂ ಕಿವಿ ಮುಂದಕ್ಕೆ ಮಾಡಿ, ಹಾಡುತ್ತಿರುವ ಇಬ್ಬರನ್ನು ಬಿಟ್ಟು, ಖಾಲಿ ಚಾಪೆಯ ಕಡೆಗೇ ನೋಡುತ್ತಿತ್ತು. ಸೊಲ್ಲು ಮತ್ತೆ ಶುರುವಾದರೆ ತಲೆ ಬಗ್ಗಿಸುತ್ತಿತ್ತು. ಅದರ ಪಕ್ಕ ನಿಂತಿದ್ದ ಮಾರಯ್ಯ ಟವೆಲನ್ನು ಹೆಗಲಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡ, ಹಿರಿಯರ ಮುಂದೆ ನಿಂತವನಂತೆ.

ಹಳ್ಳ ದಾಟಿತು, ಬಂಡೆ ದಾಟಿತು. ಅಲ್ಲಿಂದ ಮುಂದಿನದು ಯಮುನಾಳಿಗೆ ಗೊತ್ತಿರಲಿಲ್ಲ. ಮುದ್ದಕ್ಕ ಒಬ್ಬಳೇ ಒಡೆದ ದನಿಯಲ್ಲಿ ಎಳೆದುಕೊಂಡು ಹೋದಳು. ಅಕ್ಕನಿಗೆ ತಂಗಿಯ ಕೈ ಸಿಗುತ್ತದೆ. ಹಸುಗಳು ಮುಂದೆ, ಅವರು ಹಿಂದೆ. ಹಟ್ಟಿಯ ಬೇಲಿ, ಅದರ ಮುಳ್ಳಿನ ಬಾಗಿಲು ಕಾಣುತ್ತದೆ. ಅಲ್ಲಿ ಅಕ್ಕ ಹೇಳುತ್ತಾಳೆ:

*ಮುಂದಾಗಿ ನಡೆ ತಂಗಿ, ಹಿಂದಿರುಗಿ ನೋಡಬೇಡ*
*ಮುಳ್ಳಿನ ಪಡಿಯ ನಾ ಮುಚ್ಚೇನು.*

ಯಮುನಾ ಓಗೊಡುವ ಮೌನಕ್ಕಾಗಿ ಕಾದಳು. ಮುದ್ದಕ್ಕ ಕಾಯಲಿಲ್ಲ. ಕೈ ಮುಗಿದು, ಮಂಡಿ ಹಿಡಿದುಕೊಂಡು ಎದ್ದು, ಪಕ್ಕದ ಚಾಪೆಯ ದೂಳು ಕೊಡವಿ ಸುರುಳಿ ಸುತ್ತಿದಳು. ಹಸು ತಲೆ ಎತ್ತದೆ ಮೇವು ಮೇಯುತ್ತಿತ್ತು.

"ಲೇ ಮಾರ, ರೊಟ್ಟಿ ಅದೇನ್ಲಾ? ಹೊಟ್ಟೆ ಹಸೀತದೆ."

ಓಬಳೇಶ್ ಬಂದ ಮೇಲೆ ಯಮುನಾ ಅವನಿಗೆ ಕ್ಲಿಪ್ಪುಗಳನ್ನು ಕೇಳಿಸಿದಳು. "ಮೈಕ್ ಕೆಟ್ಟಿರಬೇಕು" ಎಂದು ಅವನು ಕ್ಯಾಮೆರಾವನ್ನು ಅಂಗಡಿಯಲ್ಲೇ ಇಟ್ಟು, ಒಮ್ಮೆ ಮಾತಾಡಿ ಒಮ್ಮೆ ಸುಮ್ಮನಿದ್ದು ಪರೀಕ್ಷಿಸಿದ. ಸುಮ್ಮನಿದ್ದಾಗಲೆಲ್ಲ ಸ್ಸ್ ಎಂಬುದು ಎಂದಿನಂತೆ ಏರಿತು. ಅವನು ಆ ಎರಡು ಕ್ಲಿಪ್ಪುಗಳನ್ನು ಬೇರೆ ಡಿಸ್ಕಿಗೆ ಹಾಕಿ ಎತ್ತಿಟ್ಟ.

ಪದವನ್ನು ಮತ್ತೆ ಚಿತ್ರಿಸಲು ಮುದ್ದಕ್ಕ ಒಪ್ಪಲಿಲ್ಲ. ದೊಡ್ಡ ಕ್ಯಾಮೆರಾ ತರುತ್ತೇವೆ, ಅದು ನಿಲ್ಲುವುದಿಲ್ಲ ಎಂದರೂ ಒಪ್ಪಲಿಲ್ಲ. "ಬೇಕಾದ್ರೆ ಬಾಯಲ್ಲಿ ಕಲ್ತ್ಕೊ" ಎಂದಳು. ಮದುವೆ ಕೆಲಸ ಇಲ್ಲದ ದಿನ ಯಮುನಾ ಹಟ್ಟಿಗೆ ಹೋಗಿ ಕಲಿಯತೊಡಗಿದಳು. ಮುದ್ದಕ್ಕ ಅವಳಿಗೆ ಕರೆಯುವವಳ ಸೊಲ್ಲುಗಳನ್ನಷ್ಟೇ ಹೇಳಿಕೊಟ್ಟಳು. ಓಗೊಡುವ ಸಾಲುಗಳನ್ನು ಕೇಳಿದರೆ ತಲೆಯಾಡಿಸುತ್ತಿದ್ದಳು.

"ಮುಂದೆ ನಾನು ಹಾಡೋವಾಗ ಓಗೊಡೋಕೆ ಯಾರಾದ್ರೂ ಬೇಕಲ್ಲ ದೊಡ್ಡಮ್ಮ," ಎಂದಳು ಯಮುನಾ ಒಂದು ದಿನ. "ಅವ್ವ ಮನೆ ಸೇರಿದಳು. ಇನ್ಯಾರು ಬತ್ತಾರೆ?"

ಮುದ್ದಕ್ಕ ತೆಂಗಿನ ಗರಿ ಸೀಳುತ್ತಿದ್ದಳು. ತಲೆ ಎತ್ತಲಿಲ್ಲ.

"ನಾನೇ ಬತ್ತೀನಿ ಬುಡು," ಎಂದಳು. "ನೀನು ನಡುವೇಲಿ ನಿಲ್ಲಿಸ್ಬ್ಯಾಡ, ಅಷ್ಟೇಯ."

ಯಮುನಾ ನಗಲು ನೋಡಿದಳು, ಆಗಲಿಲ್ಲ. ಮುದ್ದಕ್ಕ ಮುಂದಿನ ಸೊಲ್ಲು ಹೇಳಿದಳು. ಯಮುನಾ ಅದನ್ನು ತಪ್ಪಿಲ್ಲದೆ ತಿರುಗಿ ಹೇಳಿದಳು.